ಮೂರು ಸಲ ಕೇಳುವ ಅಂಗಡಿ

ಬಸಲಿಂಗವ್ವ, ಅಂದರೆ ನಮ್ಮ ಬಸಕ್ಕ, ಆ ಅಂಗಡಿಗೆ ಮೊದಲ ಸಲ ಹೋದದ್ದು ಕೆಲಸ ಕೇಳಿಕೊಂಡಲ್ಲ, ಸಂಕ್ರಾಂತಿಗೆ ಕುಸರೆಳ್ಳು ಹುಡುಕಿಕೊಂಡು. ಜೊತೆಯಲ್ಲಿ ನಾನೂ ಇದ್ದೆ. ಲಂಡನ್ನಿನ ಕ್ವೀನ್ಸ್‌ಬರಿಯಲ್ಲಿ ಅವರದೂ ನಮ್ಮದೂ ಗೋಡೆಗೆ ಗೋಡೆ ಅಂಟಿದ ಮನೆ. ಅವರು ವಿಜಯಪುರದ ಕಡೆಯವರು; ನಾನು ಬೆಂಗಳೂರಿನವಳು, ಹೆಸರು ವತ್ಸಲಾ. ನನ್ನ ಬಾಯಿ ಸ್ವಲ್ಪ ಜೋರು ಅಂತ ನಮ್ಮ ಬೀದಿಯಲ್ಲಿ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಬಾಯಿ ಇಲ್ಲದವರ ಪಾಡು ಏನಾಗುತ್ತದೆ ಅನ್ನುವುದನ್ನೇ ನಾನೀಗ ಹೇಳಲು ಹೊರಟಿರುವುದು.

ಕಿಂಗ್ಸ್‌ಬರಿಯ ಗುಜರಾತಿ ಅಂಗಡಿಗಳಲ್ಲಿ ಎಳ್ಳಿನ ಚಿಕ್ಕಿ ಬೇಕಾದಷ್ಟಿತ್ತು. ಎಳ್ಳಿಗೆ ಸಕ್ಕರೆ ಪಾಕ ಹತ್ತಿಸಿ ಮುಳ್ಳುಮುಳ್ಳಾಗಿ ಮಾಡುವ ಬಿಳಿ ಕುಸರೆಳ್ಳು ಮಾತ್ರ ಎಲ್ಲೂ ಇರಲಿಲ್ಲ. ಕಾಲು ನೋಯಿಸಿಕೊಂಡು ಬಸ್ ಸ್ಟಾಪಿಗೆ ಬಂದಾಗ ಎದುರಿನ ಇರಾನಿ ಅಂಗಡಿಯ ಗಾಜಿನ ಭರಣಿಯಲ್ಲಿ ಅಂಥದ್ದೇ ಏನೋ ಕಂಡಿತು. ಬಾದಾಮಿ ಚೂರಿಗೆ ಸಕ್ಕರೆ ಸುತ್ತಿದ ಮಿಠಾಯಿ, ನೊಗ್ಲ್ ಅಂತ ಅದಕ್ಕೆ ಹೆಸರು. ಬಸಕ್ಕ ಒಳಗೆ ಹೋಗಿ ಒಂದು ಡಬ್ಬಿ ಎತ್ತಿಕೊಂಡು ಎಷ್ಟು ಅಂತ ಕೇಳಿದರು. ಕೇಳಿದ್ದು ಇಂಗ್ಲಿಷಿನಲ್ಲೇ, ಆದರೆ ಅವರ ಇಂಗ್ಲಿಷು ಅಪ್ಪಟ ವಿಜಯಪುರದ್ದು, ಅದಕ್ಕೇ ಅವರ ಮಾತನ್ನು ನಾನು ಅವರ ಕನ್ನಡದಲ್ಲೇ ಬರೆಯುತ್ತೇನೆ.

ಗಲ್ಲಾದ ಹಿಂದೆ ಕೋಟು ಹಾಕಿಕೊಂಡು ನಿಂತಿದ್ದ ಹಿರಿಯರು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. “ತಮ್ಮಂಥವರಿಗೆ ಬೆಲೆ ಹೇಳುವುದುಂಟೇ? ಇದು ತಮ್ಮದೇ. ತೆಗೆದುಕೊಂಡು ಹೋಗಿ.”

ಬಸಕ್ಕನ ಮೂಗಿನ ತುದಿ ಕೆಂಪಾಯಿತು. “ಪುಕ್ಕಟೆ ಒಯ್ಯಾಕ ನಾ ಏನ್ ಬೇಡಾಕ ಬಂದೀನೇನ್ರಿ? ರೊಕ್ಕ ಹೇಳ್ರಿ.”

“ಇಲ್ಲ, ಇಲ್ಲ. ತಾವು ಬಂದದ್ದೇ ನನ್ನ ಭಾಗ್ಯ.”

“ರೊಕ್ಕ ತಗೊಳ್ಳದಿದ್ರ ಈ ಡಬ್ಬಿ ಇಲ್ಲೇ ಇಟ್ಟ ಹೊಕ್ಕೀನಿ,” ಅಂತ ಬಸಕ್ಕ ಗಲ್ಲಾದ ಮೇಲೆ ನೋಟು ಬಡಿದರು. ಹಿರಿಯರು ಈ ಸಲ ತಲೆ ಬಾಗಿಸಿ ತೆಗೆದುಕೊಂಡರು. ಅವರ ಮುಖ ನೋಡಬೇಕಿತ್ತು, ಮಗಳ ಮದುವೆ ಗೊತ್ತಾದವರ ಹಾಗೆ ಅರಳಿತ್ತು.

ಅವರು ಇಸ್ಫಹಾನ್ ಊರಿನ ಹೂಶಂಗ್. ಯಜಮಾನರು ಅನ್ನುವಂತೆ ಅವರ ಕಡೆ ಆಗಾ ಅನ್ನುತ್ತಾರೆ, ಹಾಗಾಗಿ ಹೂಶಂಗ್ ಆಗಾ. ಹೆಂಗಸರಿಗೆ ಖಾನಂ ಅನ್ನುತ್ತಾರೆ, ಹಾಗಾಗಿ ಅವರ ಬಾಯಲ್ಲಿ ನಮ್ಮ ಬಸಕ್ಕ ಬಸ್ಸಿ ಖಾನಂ. ಇರಾನಿನಲ್ಲಿ ಅಂಗಡಿಯವರು ಬೆಲೆ ಬೇಡ ಅನ್ನುವುದು ಪದ್ಧತಿ. ಗಿರಾಕಿ ಬಿಡದೆ ಒತ್ತಾಯ ಮಾಡಿ ಕೊಡುವುದೂ ಪದ್ಧತಿ. ಯಾವುದನ್ನೇ ಆದರೂ ಮೂರು ಸಲ ಕೇಳಬೇಕು, ಎರಡು ಸಲ ಬೇಡ ಅನ್ನಬೇಕು. ತಾರೊಫ್ ಅನ್ನುತ್ತಾರೆ ಆ ಮರ್ಯಾದೆಗೆ. ಲಂಡನ್ನಿನ ಗಿರಾಕಿಗಳಿಗೆ ಇದು ಎಲ್ಲಿಂದ ಗೊತ್ತಿರಬೇಕು? ಒಂದೇ ಸಲಕ್ಕೆ ಥ್ಯಾಂಕ್ಯೂ ಹೇಳಿ ಪಿಸ್ತಾ ಚೀಲ ಎತ್ತಿಕೊಂಡು ನಡೆಯುತ್ತಿದ್ದರು. ಅಂಥ ಊರಲ್ಲಿ ದುಡ್ಡು ಕೊಡಲಿಕ್ಕಾಗಿ ಜಗಳಕ್ಕೇ ನಿಂತ ಹೆಂಗಸು ಬಂದದ್ದು ನೋಡಿ, ಇಷ್ಟು ಸಂಸ್ಕಾರವಂತರು ಈ ದೇಶದಲ್ಲಿದ್ದಾರೆಯೇ ಅಂತ ಅವರಿಗೆ ಅನಿಸಿತಂತೆ. ಸಿಟ್ಟನ್ನು ಸಂಸ್ಕಾರ ಅಂದುಕೊಂಡವರನ್ನು ನಾನು ನೋಡಿದ್ದು ಅದೇ ಮೊದಲು.

ಆಗ ಬಸಕ್ಕ ಪಾರ್ಕ್ ರಾಯಲ್‌ನ ಒಂದು ಸ್ಯಾಂಡ್‌ವಿಚ್ ಫ್ಯಾಕ್ಟರಿಯಲ್ಲಿದ್ದರು. ಮನೆಯಲ್ಲಿ ತತ್ತಿ ಅನ್ನುವ ಮಾತು ಆಡಿದರೂ ಬಾಯಿ ತೊಳೆದುಕೊಳ್ಳುವ ಲಿಂಗಾಯತರ ಹೆಣ್ಣುಮಗಳು, ಅಲ್ಲಿ ತಲೆಗೆ ಬಲೆ ಟೊಪ್ಪಿಗೆ, ಕೈಗೆ ಗ್ಲೌಸು ಹಾಕಿಕೊಂಡು ಇಡೀ ದಿನ ಬ್ರೆಡ್ಡಿಗೆ ಮೊಟ್ಟೆ ಬಳಿಯುತ್ತಿದ್ದರು. ಮುಂದಿನ ವಾರ ಮತ್ತೆ ನೊಗ್ಲ್ ತರಲು ಹೋದಾಗ ಹೂಶಂಗ್ ಆಗಾ ಅಂಗಡಿಯಲ್ಲಿ ಕೆಲಸ ಮಾಡುತ್ತೀರಾ ಅಂತ ಕೇಳಿದರು. ಬಸಕ್ಕ ಬೇಡ ಅಂದರು. ಅವರು ಮತ್ತೆ ಕೇಳಿದರು. ಮತ್ತೆ ಬೇಡ. ಮೂರನೇ ಸಲ ಕೇಳಿದಾಗ ಹೂಂ ಅಂದು ಮನೆಗೆ ಬಂದರು.

ಬಂದವರೇ ನಮ್ಮ ಅಡುಗೆಮನೆಯಲ್ಲಿ ಕೂತು ಹೇಳಿದರು: “ಆ ಮಂದಿ ಭಾಳ ಛಲೋ ಅದಾರ್ರಿ ವತ್ಸಲಕ್ಕಾರ. ಬ್ಯಾಡ ಅಂದ್ರ ಮತ್ತ ಕೇಳ್ತಾರ.”

ಇದರಲ್ಲಿ ಏನಿದೆ ಇಷ್ಟು ಹಿಗ್ಗುವಂಥದ್ದು ಅನ್ನಬೇಡಿ. ಅದು ತಿಳಿಯಬೇಕಾದರೆ ಅವರ ಮನೆಯಲ್ಲಿ ಒಂದು ಹೊತ್ತು ಊಟಕ್ಕೆ ಕೂರಬೇಕು. ಗಂಡ ಶರಣಬಸವ ಹೀಥ್ರೂದಲ್ಲಿ ಸಾಮಾನು ಎತ್ತಿ ಇಳಿಸಿ ರಿಟೈರ್ ಆದವರು. ಕೆಟ್ಟವರಲ್ಲ, ಕುಡಿಯುವವರಲ್ಲ, ಬಯ್ಯುವವರೂ ಅಲ್ಲ. ಕೊನೆಯ ಹೋಳಿಗೆ ಉಳಿದಾಗ “ನಿಂಗ ಬೇಕೇನ?” ಅಂತ ಕೇಳುತ್ತಾರೆ. ಬಸಕ್ಕ “ನಂಗ್ಯಾಕ ಬಿಡ್ರಿ” ಅನ್ನುತ್ತಾರೆ. ಶರಣಬಸವ ತುಪ್ಪ ಹಾಕಿಕೊಂಡು ತಿಂದು ಏಳುತ್ತಾರೆ. ಒಂದು ದಿನ ನನಗೆ ತಡೆಯಲಾಗಲಿಲ್ಲ, “ಅಲ್ಲಾ ಸಾರ್, ಅವರಿಗೆ ಉಳೀಲೇ ಇಲ್ವಲ್ಲ” ಅಂದೆ. “ಬ್ಯಾಡ ಅಂದ್ಲಲ್ರಿ ಮತ್ತ,” ಅಂದರು, ಬಹಳ ನ್ಯಾಯವಾಗಿ. ಹೋಳಿಗೆ ಹೋಗಲಿ, ಸೀರೆ, ಚಳಿಗಾಲದ ಕೋಟು, ಮನೆಯ ದೊಡ್ಡ ರೂಮು, ಎಲ್ಲದರ ಕಥೆಯೂ ಇದೇ. ಮಗ ವಿಕಾಸನೂ ಅಪ್ಪನ ಹಾಗೇ. “ಅಮ್ಮ ಸೆಡ್ ನೋ” ಅಂತ ಮುಗಿಸುತ್ತಾನೆ. ಈ ಹೆಂಗಸು ಬೇಕು ಅಂದದ್ದನ್ನು ನಾನಂತೂ ಕೇಳಿರಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು ನನಗೆ.

ಆದರೆ ಅಂಗಡಿಯಲ್ಲಿ ಬಸಕ್ಕನೇ ಬೇರೆ. ಸೀರೆಯ ಮೇಲೆ ಸ್ವೆಟರ್, ಅದರ ಮೇಲೆ ಏಪ್ರನ್, ತಲೆಯಲ್ಲಿ ನೂರು ಲೆಕ್ಕಾಚಾರ. ಹ್ಯಾರೋ, ಕಿಂಗ್ಸ್‌ಬರಿ ಕಡೆಯ ನಮ್ಮವರು ಊರಿಗೆ ಹೊರಟಾಗ ಎಲ್ಲರಿಗೂ ಒಂದೇ ತಲೆನೋವು: ಏನು ಒಯ್ಯುವುದು? ಚಾಕೊಲೇಟ್ ಒಯ್ದರೆ ಹುಬ್ಬಳ್ಳಿ ತಲುಪುವಷ್ಟರಲ್ಲಿ ಕರಗಿ ಬಟ್ಟೆಗೆ ಮೆತ್ತಿರುತ್ತದೆ. ಬಸಕ್ಕ ಅವರನ್ನೆಲ್ಲ ಈ ಅಂಗಡಿಗೆ ಎಳೆದರು. ಬೀಗರಿಗೆ ಕೇಸರಿ, ಮಕ್ಕಳಿಗೆ ಕಡಲೆ ಹಿಟ್ಟಿನ ಪುಟ್ಟ ಬಿಸ್ಕತ್ತು, ಹಿರಿಯರಿಗೆ ಕಟ್ಟಿಗೆ ಚೂರುಗಳನ್ನು ಚುಕ್ಕಿಚುಕ್ಕಿಯಾಗಿ ಕೂರಿಸಿದ ಖಾತಂ ಪೆಟ್ಟಿಗೆ, ಉಳಿದುಕೊಳ್ಳುವ ಮನೆಯವರಿಗೆ ನೀಲಿ ಎನಾಮಲ್ ಬಿಡಿಸಿದ ತಾಮ್ರದ ತಟ್ಟೆ. ಯಾರು ಯಾರಿಗೆ ಏನು ಕೊಟ್ಟರೆ ಯಾರ ಮುಖ ಸೊಟ್ಟಗಾಗುತ್ತದೆ ಅನ್ನುವುದೆಲ್ಲ ಅವರೇ ತೂಗಿ ನೋಡಿ ಕಟ್ಟಿಕೊಡುತ್ತಿದ್ದರು.

“ಲಂಡನ್ನಿಂದ ತಂದದ್ದು ಅಂತ ಹೇಳಿ ಇರಾನಿನ ಮಿಠಾಯಿ ಕೊಡೋದಾ ಬಸಕ್ಕ?” ಅಂತ ನಾನೇ ಒಮ್ಮೆ ರೇಗಿಸಿದ್ದೆ.

“ಲಂಡನ್‌ದಾಗ ಲಂಡನ್ ಮಂದಿ ಮಾಡಿದ್ದು ಏನೈತಿ ತೋರಸ್ರಿ, ಅದನ್ನ ಕಟ್ಟಿಕೊಡ್ತೀನಿ,” ಅಂದರು.

ಊರಿನಿಂದ ಬರುತ್ತಿದ್ದ ಸುದ್ದಿಗಳು ಮಾತ್ರ ಒಂದಕ್ಕಿಂತ ಒಂದು. ಗಜ್ ಅಂತ ಬಿಳಿ ಮಿಠಾಯಿ ಇದೆ, ಒಂದಕ್ಕೊಂದು ಅಂಟದಿರಲಿ ಅಂತ ಹಿಟ್ಟಿನಲ್ಲಿ ಹೂತು ಕಳಿಸುತ್ತಾರೆ. ಬೆಳಗಾವಿಯಲ್ಲಿ ಯಾರದೋ ಸೋದರತ್ತೆ ಹಿಟ್ಟು ಹತ್ತಿದೆ ಅಂತ ಅದನ್ನು ನಲ್ಲಿಯ ಕೆಳಗೆ ತೊಳೆದು, ಮಾಳಿಗೆಯ ಮೇಲೆ ಹಪ್ಪಳದ ಜೊತೆ ಒಣಗಲು ಹಾಕಿದರಂತೆ. ಆ ಗಜ್‌ಗೆ ಮೊಟ್ಟೆಯ ಬಿಳಿ ಹಾಕಿರುತ್ತಾರೆ. ನಮ್ಮವರು ಯಾರೇ ಕೈಹಾಕಿದರೂ ಬಸಕ್ಕ ಕನ್ನಡದಲ್ಲಿ “ತತ್ತಿ ಐತ್ರಿ ಅದರಾಗ” ಅಂತ ಎಚ್ಚರಿಸುತ್ತಿದ್ದರು. ಅರ್ಧದಷ್ಟು ಜನ ಕೇಳಿಸದವರ ಹಾಗೆ ಮುಖ ಮಾಡಿ ಎರಡು ಡಬ್ಬಿ ತೆಗೆದುಕೊಳ್ಳುತ್ತಿದ್ದರು. ಇಸ್ಫಹಾನಿನ ಕುಶಲಕರ್ಮಿ ತಿಂಗಳುಗಟ್ಟಲೆ ಕಣ್ಣು ನೋಯಿಸಿಕೊಂಡು ಮಾಡಿದ ಖಾತಂ ಪೆಟ್ಟಿಗೆಯಲ್ಲಿ ಕಲಬುರಗಿಯವರೊಬ್ಬರು ವಿಭೂತಿ ಉಂಡೆ ಇಟ್ಟರು. ಇನ್ನೊಬ್ಬರು ನೀಲಿ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಅದರ ನಡುವನ್ನೇ ಸುಟ್ಟರು. ಇದು ಕೇಳಿ ಹೂಶಂಗ್ ಆಗಾ ನೊಂದುಕೊಂಡರು. “ಯಾರ ಮುಂದೆ ಹಚ್ಚಿದರು?” ಅಂತ ಕೇಳಿದರು. ದೇವರ ಮುಂದೆ ಅಂದರು ಬಸಕ್ಕ. ಅವರು ಎದೆಯ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಯೋಚಿಸಿ, ಹಾಗಾದರೆ ಸರಿ ಅಂದರು.

ಇಷ್ಟರಲ್ಲಿ ಬಸಕ್ಕ ಹೂಶಂಗ್ ಆಗಾರಿಗೆ ಒಂದು ಪಾಠ ಹೇಳಿದ್ದರು. ಬೆಲೆ ಕೇಳಿದವರಿಗೆಲ್ಲ ಬೇಡ, ಬೇಡ ಅನ್ನುತ್ತಿದ್ದರೆ ಅಂಗಡಿ ಉಳಿಯುತ್ತದೆಯೇ? “ನೋಡ್ರಿ ಆಗಾ, ಗಿರಾಕಿ ತಲಿ ತಿರಗತೈತಿ. ನಮ್ಮ ವಿಜಯಪುರದ ಕಡೆ ನೆಟ್ಟಗ ಮಾತು. ಬೇಕಂದ್ರ ಬೇಕು, ಬ್ಯಾಡಂದ್ರ ಬ್ಯಾಡ. ಎರಡನೇ ಮಾತಿಲ್ಲ,” ಅಂದರು. ಇಷ್ಟು ದೊಡ್ಡ ಸುಳ್ಳನ್ನು ಇಷ್ಟು ಗಟ್ಟಿಯಾಗಿ ಯಾರೂ ಹೇಳಿರಲಾರರು. ಹೂಶಂಗ್ ಆಗಾ ಅದನ್ನು ಪೂರ್ತಿ ನಂಬಿದರು. ಗಿರಾಕಿಗಳ ಜೊತೆ ಅವರ ಹಳೇ ಚಾಳಿ ಹೋಗಲಿಲ್ಲ, ಅದು ಬೇರೆ ಮಾತು. ಆದರೆ ವಿಜಯಪುರದವರ ಮಾತೆಂದರೆ ಕಲ್ಲಿನ ಮೇಲೆ ಕೊರೆದದ್ದು ಅಂತ ಮನಸ್ಸಿನಲ್ಲಿ ಬರೆದುಕೊಂಡರು. ಅತ್ತ ಬಸಕ್ಕ, ಈ ಮನುಷ್ಯ ಯಾವುದನ್ನೂ ಮೂರು ಸಲ ಕೇಳದೆ ಬಿಡುವವರಲ್ಲ ಅಂತ ತಾವೂ ಬರೆದುಕೊಂಡಿದ್ದರು.

ವರ್ಷಗಳು ಹೋದವು. ಹೂಶಂಗ್ ಆಗಾರ ಮಂಡಿ ಕೈಕೊಟ್ಟಿತು. ಲೀಡ್ಸ್‌ನಲ್ಲಿರುವ ಮಗಳು ಬಂದು ನಮ್ಮ ಜೊತೆಗಿರಿ ಅಂತ ಹಟ ಹಿಡಿದಳು. ಒಂದು ಸಂಜೆ ಬಾಗಿಲು ಹಾಕುವ ಹೊತ್ತಿಗೆ ಅವರು ಬೀಗದ ಕೈ ಗೊಂಚಲನ್ನು ಗಲ್ಲಾದ ಮೇಲಿಟ್ಟು ಹೇಳಿದರು: “ಬಸ್ಸಿ ಖಾನಂ, ಈ ಅಂಗಡಿ ನಿಮ್ಮದು. ನಿಮ್ಮ ಹೆಸರಿಗೆ ಮಾಡಿಕೊಳ್ಳಿ. ದುಡ್ಡಿನ ಮಾತು ನಿಧಾನಕ್ಕೆ ಆಗುತ್ತದೆ, ವ್ಯಾಪಾರ ನಡೆದ ಹಾಗೆ ಕೊಟ್ಟರಾಯಿತು.”

ಆ ಅಂಗಡಿಯ ಒಂದೊಂದು ಡಬ್ಬಿಯ ಮೇಲೂ ಬಸಕ್ಕನಿಗೆ ಜೀವ. ಇದನ್ನು ಹೀಗೆ ಜೋಡಿಸಬೇಕು, ಕಿಟಕಿಯಲ್ಲಿ ಊರಿಗೆ ಹೋಗುವವರಿಗೆ ಅಂತ ಕನ್ನಡದಲ್ಲೇ ಬೋರ್ಡು ಹಾಕಬೇಕು ಅಂತ ನನ್ನ ತಲೆ ತಿಂದಿದ್ದಕ್ಕೆ ಲೆಕ್ಕವಿಲ್ಲ. ಆದರೂ ಬಾಯಿಗೆ ಬಂದದ್ದು ಅದೇ. “ಅಯ್ಯ, ನಂಗ್ಯಾಕ ಬಿಡ್ರಿ ಅಂಗಡಿ.” ಅಂದು, ಸೆರಗು ಸರಿಮಾಡಿಕೊಂಡು, ಎರಡನೇ ಸಲ ಕೇಳುವುದನ್ನು ಕಾಯುತ್ತ ನಿಂತರು.

ಹೂಶಂಗ್ ಆಗಾ ತಲೆ ಬಾಗಿಸಿದರು. “ತಮ್ಮ ಮಾತೇ ಮಾತು. ಮತ್ತೆ ಕೇಳಿ ತಮ್ಮ ಮನಸ್ಸಿಗೆ ನೋವು ಮಾಡುವುದಿಲ್ಲ,” ಅಂದು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡರು.

ಮುಂದಿನ ವಾರ ಅಳತೆ ಟೇಪು ಹಿಡಿದುಕೊಂಡು ಮೂವತ್ತರ ಆಸುಪಾಸಿನ ಒಬ್ಬಾತ ಬಂದ. ಫೋನ್ ಕವರು, ವೇಪು ಅನ್ನುವ ಬ್ಯಾಟರಿ ಸಿಗರೇಟು ಮಾರುವ ಅಂಗಡಿ ಹಾಕುವವನಂತೆ. ಬಸಕ್ಕ ಆವತ್ತು ಮನೆಗೆ ಹೋಗಲಿಲ್ಲ, ಸೀದಾ ನನ್ನ ಹತ್ತಿರ ಬಂದರು. ಚಹಾ ಕೊಟ್ಟರೆ ಕುಡಿಯಲಿಲ್ಲ.

“ಹೋಗಿ ಹೇಳ್ರಿ ಬಸಕ್ಕ, ನಂಗೆ ಬೇಕಿತ್ತು ಅಂತ,” ಅಂದೆ.

“ಹೆಂಗ ಹೇಳ್ಲಿ ವತ್ಸಲಕ್ಕಾರ? ಅವ್ರ ಕೇಳಬೇಕಿತ್ತಲ್ಲ? ಎಲ್ಲಾರಿಗೂ ಮೂರ ಮೂರ ಸಲ ಕೇಳ್ತಾರ. ನಂಗೊಬ್ಬಾಕಿಗೇ ಒಂದ ಸಲ.” ಅತ್ತರು. ಅವರು ಅತ್ತದ್ದು ನೋಡಿ ನನಗೆ ಪಾಪ ಅಂತಲೂ ಅನಿಸಿತು, ಎರಡು ಬಾರಿಸೋಣ ಅಂತಲೂ ಅನಿಸಿತು.

ಮರುದಿನ ನಾನೇ ಹೋದೆ. ಹೂಶಂಗ್ ಆಗಾ ನನಗೆ ಕುರ್ಚಿ ಕೊಟ್ಟರು, ಚಹಾ ಕೊಟ್ಟರು, ನಾನು ಹೇಳಿದ್ದನ್ನೆಲ್ಲ ಕೇಳಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: “ಬೇಕು ಅಂತ ಅವರ ಬಾಯಿಂದ ತಾವು ಕೇಳಿದ್ದೀರಾ?”

ಹಾಗೆ ನೋಡಿದರೆ ಕೇಳಿರಲಿಲ್ಲ. ಅತ್ತಿದ್ದರು, ಚಹಾ ಬಿಟ್ಟಿದ್ದರು, ಬೇಕು ಅಂದಿರಲಿಲ್ಲ.

“ಹಾಗಿರುವಾಗ ನಾನು ಮತ್ತೆ ಕೇಳಿದರೆ, ಅವರು ಮೊದಲು ಸುಳ್ಳು ಹೇಳಿದರು ಅಂದ ಹಾಗಾಗುವುದಿಲ್ಲವೇ? ಅಂಥ ನೇರ ಮನುಷ್ಯರಿಗೆ?” ಅಂದರು. ಅವರ ಕಣ್ಣಲ್ಲೂ ನೀರಿತ್ತು. ಕಾಗದಕ್ಕೆ ಸೋಮವಾರ ಸಹಿ ಅಂತ ಮಾತಾಗಿದೆ ಅಂತಲೂ ಹೇಳಿದರು. ಈ ಇಬ್ಬರ ಮರ್ಯಾದೆಯ ನಡುವೆ ನನ್ನ ತಲೆ ಕೆಟ್ಟು ಗೊಬ್ಬರವಾಯಿತು. ಮನೆಗೆ ಬಂದು ಪಕ್ಕದ ಮನೆಯ ಶರಣಬಸವರಿಗಾದರೂ ಹೇಳೋಣ ಅಂದರೆ, ಅವರು ಪೇಪರ್ ಕೆಳಗಿಳಿಸಿ, “ಬ್ಯಾಡ ಅಂದಾಳಂತಲ್ರಿ,” ಅಂದರು. ಅಲ್ಲಿಂದಲೂ ಎದ್ದು ಬಂದೆ.

ಶನಿವಾರ ಅಂಗಡಿಯಲ್ಲಿ ನಾನೂ ಇದ್ದೆ. ಸುಮ್ಮನೆ ಹೋಗಿದ್ದೆ ಅಂದರೆ ನೀವು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಮೈಸೂರಿಗೆ ಹೊರಟಿದ್ದ ಶ್ರೀವಿದ್ಯಾ ಅನ್ನುವ ಹುಡುಗಿಗೆ ಬಸಕ್ಕ ನೀಲಿ ತಟ್ಟೆಯನ್ನು ಕಾಗದದಲ್ಲಿ ಸುತ್ತುತ್ತಿದ್ದರು. ಟೇಪಿನವನು ಬಂದು ಗೋಡೆ ಅಳೆದ. ಒಳ್ಳೆಯವನೇ ಪಾಪ, ನಗುನಗುತ್ತ ಮಾತಾಡುವವನು. ಶೆಲ್ಫುಗಳ ಕಡೆ ಕೈ ತೋರಿಸಿ, “ಇದನ್ನೆಲ್ಲ ಹೇಗೆ ಸಾಗಿಸೋದು ಅಂತ ನೀವು ತಲೆ ಕೆಡಿಸ್ಕೋಬೇಡಿ ಅಂಕಲ್, ಕಸದ ಸ್ಕಿಪ್ ತರಿಸಿ ನಾನೇ ಅದಕ್ಕೆ ಹಾಕಿಸ್ತೀನಿ,” ಅಂದ.

ಹೂಶಂಗ್ ಆಗಾರ ಮುಖ ಬೂದಿಯಾಯಿತು. ಆದರೆ ಜೀವಮಾನದ ಅಭ್ಯಾಸ ಬಿಡುತ್ತದೆಯೇ? ಕೈ ತಾನಾಗಿಯೇ ಎದೆಗೆ ಹೋಯಿತು. ಬೀಗದ ಕೈ ಗೊಂಚಲನ್ನು ಜೇಬಿನಿಂದ ತೆಗೆದು ಮುಂದೆ ಹಿಡಿದು, “ಎಲ್ಲವೂ ತಮ್ಮದೇ, ತಮ್ಮ ಇಷ್ಟ,” ಅಂದರು.

“ಚಿಯರ್ಸ್,” ಅಂತ ಇಲ್ಲಿನವರ ಥ್ಯಾಂಕ್ಸ್ ಹೇಳಿ ಆತ ಕೈ ಚಾಚಿದ.

ಬೀಗದ ಕೈ ಅವನಿಗೆ ಸಿಗಲಿಲ್ಲ. ಬಸಕ್ಕ ತಟ್ಟೆಯನ್ನು ಶ್ರೀವಿದ್ಯಾಳ ಕೈಗೆ ತುರುಕಿ, ಗಲ್ಲಾ ಸುತ್ತಿಕೊಂಡು ಬಂದು, ಗೊಂಚಲಿನ ಮೇಲೆ ಅಂಗೈ ಮುಚ್ಚಿದ್ದರು.

“ತಮ್ಮಾ, ನೀ ಒಂದ ನಿಮಿಷ ಹೊರಗ ನಿಂದರು. ಟೇಪ್ ಮಡಚು,” ಅಂದರು. ಯಾಕೆ ಅಂತ ಕೇಳುವ ಧೈರ್ಯ ಅವನಿಗೂ ಬರಲಿಲ್ಲ. ಬಾಗಿಲ ಹೊರಗೆ ನಿಂತುಕೊಂಡ.

“ಆಗಾ, ನೀವು ನಂಗ ಒಂದ ಸಲ ಕೇಳೀರಿ. ನಿಮ್ಮ ಪದ್ಧತಿ ಮೂರ ಸಲ. ಇನ್ನೆರಡ ಎಲ್ಲಿ ಹೋದ್ವು?”

“ತಾವು ಬೇಡ ಅಂದಿರಿ. ತಮ್ಮ ಕಡೆ ಬೇಡ ಅಂದರೆ ಬೇಡ ಅಂತ ತಾವೇ...”

“ಅದು ಗಿರಾಕಿ ಸಲುವಾಗಿ ಹೇಳಿದ್ದು. ನಾ ಏನ್ ಗಿರಾಕೀನಾ? ಕೇಳ್ರಿ ನಂಗ.”

ಹೂಶಂಗ್ ಆಗಾ ಕೋಟಿನ ಗುಂಡಿ ಹಾಕಿಕೊಂಡರು. ಬೆನ್ನು ನೆಟ್ಟಗೆ ಮಾಡಿದರು. “ಬಸ್ಸಿ ಖಾನಂ, ಈ ಅಂಗಡಿ ನಿಮ್ಮದು. ದಯವಿಟ್ಟು ತೆಗೆದುಕೊಳ್ಳಬೇಕು.”

“ಅಯ್ಯ, ನಂಗ್ಯಾಕ...” ಅಂದುಬಿಟ್ಟರು ಬಸಕ್ಕ.

ಎಷ್ಟೆಂದರೂ ಐವತ್ತೆಂಟು ವರ್ಷದ ನಾಲಿಗೆ, ಅದು ತನ್ನ ದಾರಿ ತಾನೇ ಹಿಡಿದಿತ್ತು. ಬಸಕ್ಕನೂ ತಮ್ಮ ಮಾತು ಕೇಳಿಸಿಕೊಂಡು ಬೆಚ್ಚಿದರು, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದರು. ನಾನು ಏನೋ ಹೇಳಲು ಹೋದೆ. ನನ್ನ ಜನ್ಮದಲ್ಲಿ ಮೊದಲ ಸಲ ತಡೆದುಕೊಂಡೆ. ಇದನ್ನು ನಾನು ಹೇಳಿದರೆ ಆಗುವಂಥದ್ದಲ್ಲ ಅಂತ ನನಗೂ ಗೊತ್ತಿತ್ತು. ಹೊರಗೆ ಟೇಪಿನವನು ಗಾಜಿನ ಮೂಲಕ ಇಣುಕುತ್ತಿದ್ದ. ಮೂರನೇ ಸಲ ಕೇಳುವುದೋ, ಬೇಡ ಅಂದವರ ಮಾತಿಗೆ ತಲೆಬಾಗುವುದೋ ಹೂಶಂಗ್ ಆಗಾರಿಗೆ ತಿಳಿಯಲಿಲ್ಲ.

ಕೊನೆಗೆ, “ಬಸ್ಸಿ ಖಾನಂ,” ಅಂದರು, ಅಷ್ಟೇ.

“ನಂಗ ಬೇಕು,” ಅಂದರು ಬಸಕ್ಕ.

ಮೆಲ್ಲಗೆ ಅಂದರು. ಆಮೇಲೆ ಅದು ಸಾಲದು ಅನಿಸಿರಬೇಕು. “ಬೇಕ್ರಿ. ಈ ಅಂಗಡಿ ನಂಗ ಭಾಳ ಬೇಕು. ಬಂದ ದಿನದಿಂದ ಬೇಕು,” ಅಂದರು, ಈ ಸಲ ಹೊರಗಿನವನಿಗೂ ಕೇಳುವ ಹಾಗೆ. ಹೂಶಂಗ್ ಆಗಾ ಎರಡೂ ಕೈಯಲ್ಲಿ ಬೀಗದ ಕೈ ಗೊಂಚಲನ್ನು ಎತ್ತಿ ಅವರ ಕೈಯಲ್ಲಿಟ್ಟರು, ಮತ್ತೆ ತಾವೇ ಹೊರಗೆ ಹೋಗಿ ಆ ಹುಡುಗನ ಕ್ಷಮೆ ಕೇಳಲು ನಿಂತರು. ಅದು ಬಹಳ ಹೊತ್ತು ನಡೆಯಿತು. ಶ್ರೀವಿದ್ಯಾ ತಟ್ಟೆ ಹಿಡಿದುಕೊಂಡೇ ಅಳುತ್ತಿದ್ದಳು, ಯಾಕೆ ಅಂತ ಅವಳಿಗೂ ಗೊತ್ತಿರಲಿಲ್ಲ. ನಾನೂ ಅತ್ತೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಬಸಕ್ಕ ಪಿಸ್ತಾ ಪೆಟ್ಟಿಗೆಯ ಮೇಲೆ ಕೂತರು. ಮುಖವೆಲ್ಲ ಬೆವರಿತ್ತು, ಬೀಗದ ಕೈ ಮುಷ್ಟಿಯಲ್ಲಿತ್ತು.

“ವತ್ಸಲಕ್ಕಾರ, ಬೇಕು ಅಂದಬಿಟ್ನಲ್ರಿ,” ಅಂದರು.

“ಅಂದ್ರಿ ಬಸಕ್ಕ,” ಅಂದೆ. “ನಾವೆಲ್ಲಾ ಕೇಳಿಸ್ಕೊಂಡ್ವಿ.”